ಅಟ್ಟದಲ್ಲಿ ಸಿಕ್ಕಿದ ಬರವಣಿಗೆ ಪೆಟ್ಟಿಗೆ: ಮನೆಯಲ್ಲೇ ಸರಿಪಡಿಸಬಹುದೇ?

ಅಟ್ಟದ ಮನೆ, ಉಡುಪಿ (ಜನವರಿ 9)

ಎಲ್ಲರಿಗೂ ನಮಸ್ಕಾರ. ಹೆಂಚು ಬದಲಿಸುವ ಸಲುವಾಗಿ ನಮ್ಮ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ಹರಕು ಗೋಣಿಗಳ ಅಡಿಯಲ್ಲಿ ಒಂದು ಬರವಣಿಗೆ ಪೆಟ್ಟಿಗೆ ಸಿಕ್ಕಿತು. ಮುತ್ತಜ್ಜ ಮಂಗಳೂರಿನಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಪೆಟ್ಟಿಗೆ ಅವರದ್ದೇ ಇರಬೇಕೆಂದು ಮನೆಯ ಹಿರಿಯರ ಅಂದಾಜು. ಅಂಗಡಿಗಳಲ್ಲಿ ಚಾಪೆಯ ಮೇಲೆ ಕುಳಿತು ಲೆಕ್ಕ ಬರೆಯಲು ಬಳಸುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆ ಇದಲ್ಲ. ಮುಚ್ಚಿದಾಗ ಸಾದಾ ಪೆಟ್ಟಿಗೆಯಂತೆ ಕಂಡು, ಬಿಚ್ಚಿದಾಗ ಎರಡು ಹಲಗೆಗಳು ಸೇರಿ ಒಂದೇ ಇಳಿಜಾರಿನ ಮೇಜಾಗುವ ಇಂಗ್ಲಿಷರ ಕಾಲದ ಮಾದರಿ. ಉದ್ದ 16 ಅಂಗುಲ, ಅಗಲ 10, ಎತ್ತರ 6. ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಮೇಲ್ಭಾಗದಲ್ಲಿ ಲೇಖನಿಯ ತಟ್ಟೆ, ಅದರ ಎರಡು ಬದಿಗೆ ಶಾಯಿಬಾಟಲಿ ಮತ್ತು ಇನ್ನೇನೋ ಇಡುವ ಚೌಕ ಗೂಡುಗಳು ಇವೆ.

ಸ್ಥಿತಿ ಮಾತ್ರ ಹೇಳುವಂತಿಲ್ಲ. ಸೋರುವ ಹೆಂಚಿನ ಅಡಿಯಲ್ಲಿ ಎಷ್ಟೋ ಮಳೆಗಾಲ ಕಳೆದ ಈ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿರುಕು ಬಿಟ್ಟಿದ್ದು, ಅದರಲ್ಲಿ ಐದು ರೂಪಾಯಿಯ ನಾಣ್ಯ ಸಲೀಸಾಗಿ ತೂರುತ್ತದೆ. ಒಂದು ಬಿಜಾಗರಿ ಮರದ ಚಕ್ಕೆಯ ಸಮೇತ ಕಿತ್ತು ಬಂದಿದೆ. ಎಡಬದಿಯ ಹಲಗೆಯನ್ನು ಮರ ಕೊರೆಯುವ ಕುಟ್ಟೆಹುಳು ತಿಂದಿದೆ, ತಟ್ಟಿದರೆ ಹಿಟ್ಟು ಉದುರುತ್ತದೆ. ಹಸಿರು ಮಖಮಲ್ಲು ಚಿಂದಿಯಾಗಿದೆ. ಹಿಂದೆ ಯಾರೋ ಕಬ್ಬಿಣದ ಮೊಳೆ ಹೊಡೆದು, ಬಿಳಿ ಅಂಟು ಸುರಿದು, ಸಾಲದ್ದಕ್ಕೆ ತಳಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿದಿದ್ದಾರೆ. ನಿನ್ನೆ ಬ್ರಷ್ ಹಿಡಿದು ಒಳಗಿದ್ದ ಧೂಳು, ಮರಳು ಎಲ್ಲವನ್ನೂ ತೆಗೆದು ಅಂಗಳಕ್ಕೆ ಸುರಿದೆ. ಇನ್ನು ಸ್ಯಾಂಡ್‌ಪೇಪರ್ ಹಾಕಿ ಚೆನ್ನಾಗಿ ಉಜ್ಜಿ, ಬಿರುಕು ತುಂಬಿ, ಹೊಳೆಯುವ ಪಾಲಿಶ್ ಕೊಡಬೇಕೆಂದಿದ್ದೇನೆ. ಮನೆಯಲ್ಲೇ ಮಾಡಲು ಸಾಧ್ಯವೇ?

ನೇರ ಮಾತು, ಸುರತ್ಕಲ್ (ಜನವರಿ 9)

ನನ್ನ ಅಭಿಪ್ರಾಯದಲ್ಲಿ ಹಿತ್ತಾಳೆಯನ್ನು ಬಿಚ್ಚಿಟ್ಟುಕೊಂಡು, ಅದೇ ಅಳತೆಯ ಹೊಸ ಪೆಟ್ಟಿಗೆ ಮಾಡಿಸುವುದು ಲೇಸು. ಕುಟ್ಟೆ ಹಿಡಿದ ಮರವನ್ನು ಮನೆಯೊಳಗೆ ತಂದರೆ ನಾಳೆ ಬಾಗಿಲ ದಾರಂದವನ್ನೂ ತಿನ್ನುತ್ತದೆ. ಇಲ್ಲವಾದರೆ ಹಳೆಯ ಸಾಮಾನು ಕೊಂಡು ಹೊರದೇಶಕ್ಕೆ ಕಳಿಸುವವರಿಗೆ ಮಾರಿಬಿಡಿ.

ಹಳೆಯ ಉಳಿ, ಕಾರ್ಕಳ (ಜನವರಿ 10)

ದಯವಿಟ್ಟು ಸ್ಯಾಂಡ್‌ಪೇಪರನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ನಾನು ನಲವತ್ತು ವರ್ಷ ಮರದ ಕೆಲಸ ಮಾಡಿದವನು. ಹಳೆಯ ಪೆಟ್ಟಿಗೆಗಳನ್ನು ಕುಟ್ಟೆ ತಿಂದದ್ದಕ್ಕಿಂತ ಹೆಚ್ಚಾಗಿ ಉಜ್ಜುವವರ ಕೈಗಳೇ ತಿಂದದ್ದನ್ನು ಕಂಡಿದ್ದೇನೆ. ಹಳೆಯ ಮರದ ಆ ಬಣ್ಣ ಮೇಲ್ಮೈಯ ಕೂದಲೆಳೆಯಷ್ಟು ದಪ್ಪದಲ್ಲಿ ಮಾತ್ರ ಇರುತ್ತದೆ. ಬೆಳಕು, ಕೈಯ ಎಣ್ಣೆ, ಹಳೆಯ ಪಾಲಿಶ್ ಎಲ್ಲ ಸೇರಿ ನೂರು ವರ್ಷದಲ್ಲಿ ಕೂಡಿಬಂದ ಅದು ಹತ್ತು ನಿಮಿಷದ ಉಜ್ಜುವಿಕೆಯಲ್ಲಿ ಹೋಗುತ್ತದೆ. ಹಿತ್ತಾಳೆಯ ಪಟ್ಟಿಯೂ ಮರವೂ ಒಂದೇ ಮಟ್ಟದಲ್ಲಿ ಕೂತಿರುವಲ್ಲಿ ಉಜ್ಜಿದರೆ ಮರ ತಗ್ಗುತ್ತದೆ, ಲೋಹ ಎದ್ದು ನಿಲ್ಲುತ್ತದೆ. ಆಮೇಲೆ ಬ್ರಹ್ಮ ಬಂದರೂ ಸರಿಹೋಗದು.

ಮೊದಲು ಮರ ಯಾವುದೆಂದು ನೋಡಿ. ಕಪ್ಪುಗೆರೆಗಳಿರುವ ನೇರಳೆ ಛಾಯೆಯ ಕಂದು ಮರವಾದರೆ ಬೀಟೆ. ಹೊಂಬಣ್ಣದ ಕಂದಾಗಿ, ಮುಟ್ಟಿದರೆ ತುಸು ಜಿಡ್ಡೆನಿಸಿದರೆ ಸಾಗುವಾನಿ. ಬೀಟೆ, ಸಾಗುವಾನಿಗಳ ತಿರುಳನ್ನು ಕುಟ್ಟೆ ಸುಲಭದಲ್ಲಿ ಮುಟ್ಟುವುದಿಲ್ಲ, ಹೊರಗಿನ ಬಿಳಿಮರವನ್ನಷ್ಟೇ ತಿನ್ನುತ್ತದೆ. ಆದ್ದರಿಂದ ಎಡಬದಿಯ ಹಲಗೆಯನ್ನು ಕೊಯ್ಯುವಾಗ ಬಿಳಿಮರ ಸೇರಿಕೊಂಡಿರಬೇಕು.

ಬಿರುಕಿನ ಕಾರಣ ತಿಳಿಯದೆ ಅದನ್ನು ತುಂಬಬಾರದು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಗಾಳಿಯ ತೇವಾಂಶ ಶೇಕಡಾ 65 ಇರುವಾಗ ಒಣ ಮರದ ತೂಕದ ಸುಮಾರು ಶೇಕಡಾ 12ರಷ್ಟು ನೀರು ಅದರಲ್ಲಿರುತ್ತದೆ. ನಮ್ಮ ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ, ಶೇಕಡಾ 90ರ ತೇವಾಂಶದಲ್ಲಿ ಅದು 20ರ ಹತ್ತಿರಕ್ಕೆ ಏರುತ್ತದೆ. ಮುಚ್ಚಳಕ್ಕೆ ಅಡ್ಡವಾಗಿ ಹಿತ್ತಾಳೆಯ ಪಟ್ಟಿ ಬಿಗಿದು ಸ್ಕ್ರೂ ಹಾಕಿದ್ದಾರಲ್ಲ, ಅದು ಮರವನ್ನು ಅಲುಗಾಡಲು ಬಿಡಲಿಲ್ಲ. ಅಲುಗಾಡಲು ಬಿಡದಿದ್ದರೆ ಸೀಳುವುದೊಂದೇ ಅದಕ್ಕಿರುವ ದಾರಿ. ಈಗ ಜನವರಿ, ಬಿರುಕು ವರ್ಷದಲ್ಲೇ ಅತ್ಯಂತ ಅಗಲವಾಗಿರುವ ಕಾಲ. ಈಗ ಗಟ್ಟಿ ಚಕ್ಕೆಯೊಂದನ್ನು ಎರಡೂ ಬದಿಗೆ ಅಂಟಿಸಿ ಬಿಗಿದರೆ ಜುಲೈಯಲ್ಲಿ ಮರ ಹಿಗ್ಗಲು ಜಾಗವಿಲ್ಲದೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ.

ಇನ್ನೊಂದು ಮಾತು. ಒಂದು ಹಿತ್ತಾಳೆಯ ಪಟ್ಟಿಯ ಸ್ಕ್ರೂ ತೆಗೆದು ಅದರ ತುದಿ ನೋಡಿ. ಮೊನೆಯಿಲ್ಲದೆ ಮೊಂಡಾಗಿದ್ದರೆ ಪೆಟ್ಟಿಗೆ ಬಹಳ ಹಳೆಯದಿರಬಹುದು, ಏಕೆಂದರೆ ಮೊನೆಯಿರುವ ಯಂತ್ರದ ಸ್ಕ್ರೂಗಳು ಬಳಕೆಗೆ ಬಂದದ್ದು 1840ರ ದಶಕದ ಕೊನೆಯಿಂದೀಚೆಗೆ. ಬೀಗದ ಮೇಲೆ ಕಿರೀಟವೂ ವಿ.ಆರ್. ಎಂಬ ಅಕ್ಷರಗಳೂ ಇದ್ದರೆ ಬೀಗವು ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837ರಿಂದ 1901ರ ನಡುವಿನದು.

ಕಡತಪ್ರಿಯೆ, ಮಂಗಳೂರು (ಜನವರಿ 10)

ನೀವು ಅಂಗಳಕ್ಕೆ ಸುರಿದ ಮರಳಿನ ವಿಷಯ ಓದಿ ಹೊಟ್ಟೆ ಚುರುಕ್ ಎಂದಿತು. ಶಾಯಿ ಹೀರುವ ಒತ್ತುಕಾಗದ ಸುಲಭವಾಗಿ ಸಿಗುವ ಮೊದಲು ಹಸಿಯಾಗಿರುವ ಬರಹದ ಮೇಲೆ ನುಣ್ಣನೆಯ ಮರಳು ಉದುರಿಸಿ ಶಾಯಿಯನ್ನು ಒಣಗಿಸುತ್ತಿದ್ದರು. ನೀವು "ಇನ್ನೇನೋ ಇಡುವ ಗೂಡು" ಎಂದದ್ದು ಮರಳಿನ ಡಬ್ಬಿಯ ಗೂಡಾಗಿರುವ ಸಾಧ್ಯತೆ ಬಹಳ. ಮರಳು ಒರಟಾಗಿ ಕೆಂಪು ಬಣ್ಣದ್ದಾಗಿತ್ತೇ, ಅಥವಾ ಒಂದೇ ಸಮನಾದ ನುಣುಪು ಕಪ್ಪು ಕಣಗಳಾಗಿದ್ದವೇ? ಕೆಂಪಾದರೆ ಗೋಡೆಯಿಂದ ಉದುರಿದ್ದು, ಚಿಂತೆಯಿಲ್ಲ.

ಮುಂದೆ ಏನನ್ನೂ ಎಸೆಯುವ ಮೊದಲು ಚೀಟಿ ಬರೆದು ಲಕೋಟೆಯಲ್ಲಿಡಿ, ಮಖಮಲ್ಲಿನ ಚಿಂದಿಯನ್ನೂ ಸಹ. ಖಾನೆಗಳಲ್ಲಿ ಹೊಳಪು ಹಸಿರು ಕಾಗದವೇನಾದರೂ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಹತ್ತೊಂಬತ್ತನೆಯ ಶತಮಾನದ ಕೆಲವು ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇರುತ್ತಿತ್ತು.

ಮಾರುವ ಸಲಹೆ ಕೊಟ್ಟವರಿಗೆ ಒಂದು ಮಾತು: 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ಕುಶಲಕೆಲಸದ ವಸ್ತುಗಳು ಪುರಾತನ ವಸ್ತುಗಳೆಂದು ಗಣನೆಗೆ ಬರಬಹುದು, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಅಟ್ಟದ ಮನೆ, ಉಡುಪಿ (ಜನವರಿ 12)

ಆಚಾರ್ಯರೇ, ಅಕ್ಕ, ಇಬ್ಬರಿಗೂ ಕೃತಜ್ಞತೆಗಳು. ಮರಳು ಕಪ್ಪಾಗಿಯೇ ಇತ್ತು, ನುಣ್ಣಗಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಅಂಗಳದಲ್ಲಿ ಹುಡುಕಿ ಪ್ರಯೋಜನವಿಲ್ಲ, ಅಮ್ಮ ಅದರ ಮೇಲೆ ಸಗಣಿ ಸಾರಿಸಿಯಾಗಿದೆ.

ಮರ ಬೀಟೆ, ತಳ ಮಾತ್ರ ಹಲಸು. ಸ್ಕ್ರೂಗಳಿಗೆ ಮೊನೆಯಿದೆ. ಬೀಗದ ಮೇಲೆ ಕಿರೀಟ ಮಸುಕಾಗಿ ಕಾಣುತ್ತದೆ. ಬಲಬದಿಯ ಸೆಳೆಖಾನೆಯ ತಳಕ್ಕೆ ಪಂಚಾಂಗದ ಅಚ್ಚಾದ ಹಾಳೆಯೊಂದನ್ನು ಅಂಟಿಸಿದ್ದಾರೆ. ಅದರ ತಲೆಯಲ್ಲಿ "ವಿಕೃತಿ ಸಂವತ್ಸರ" ಎಂದಿದೆ, ಶಕವರ್ಷವಿರುವ ಅಂಚನ್ನು ಹುಳು ತಿಂದಿದೆ. ಈ ಹಾಳೆಯನ್ನು ಕಿತ್ತು ಹೊಸ ಬಟ್ಟೆ ಹಾಕಬಹುದೇ?

ಕಡತಪ್ರಿಯೆ, ಮಂಗಳೂರು (ಜನವರಿ 12)

ಕೀಳಬೇಡಿ! ನಿಮ್ಮ ಪೆಟ್ಟಿಗೆಯಲ್ಲಿ ಕಾಲವನ್ನು ಹೇಳುವ ವಸ್ತು ಅದೊಂದೇ ಇರಬಹುದು. ವಿಕೃತಿ 2010ರಲ್ಲಿ ಬಂದಿತ್ತು, ಅದಕ್ಕೆ ಹಿಂದೆ 1950ರಲ್ಲಿ, ಅದಕ್ಕೂ ಹಿಂದೆ 1890ರಲ್ಲಿ. ಬಾಸೆಲ್ ಮಿಶನ್ನಿನವರ ಮುದ್ರಣಾಲಯ ಮಂಗಳೂರಿನಲ್ಲಿ ಆರಂಭವಾದದ್ದೇ 1841ರಲ್ಲಿ. 1843ರ ಮಂಗಳೂರು ಸಮಾಚಾರ ಪತ್ರಿಕೆಯೂ ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ ಬಂದದ್ದು. ಹಾಗಾಗಿ ಬಿಡಿ ಅಕ್ಷರ ಜೋಡಿಸುವ ಮೊಳೆಯಚ್ಚಿನ ನಿಮ್ಮ ಹಾಳೆ ಇನ್ನೂ ಅರವತ್ತು ವರ್ಷ ಹಿಂದಿನ 1830ರದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. 1890, 1950 ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದು ಉಪಾಯವಿದೆ: ಇಂಗ್ಲಿಷ್ ತಾರೀಕೂ ವಾರವೂ ಒಟ್ಟಿಗೆ ಇರುವ ಒಂದು ಸಾಲನ್ನು ಓದಿ ಹೇಳಿ.

ಅಟ್ಟದ ಮನೆ, ಉಡುಪಿ (ಜನವರಿ 12)

ಭೂತಗನ್ನಡಿ ಹಿಡಿದು ಓದಿದೆ. ಏಪ್ರಿಲ್ 13ರ ಎದುರಿಗೆ "ಭಾನು" ಎಂದಿದೆ.

ಕಡತಪ್ರಿಯೆ, ಮಂಗಳೂರು (ಜನವರಿ 12)

1950ರ ಏಪ್ರಿಲ್ 13 ಗುರುವಾರ. 1890ರ ಏಪ್ರಿಲ್ 13 ಭಾನುವಾರ. ನಿಮ್ಮ ಹಾಳೆ 1890ರದ್ದು. ಹಳೆಯ ಪಂಚಾಂಗವನ್ನು ವರ್ಷ ಕಳೆದ ಮೇಲೆ ತಾನೇ ತಳಕ್ಕೆ ಹಾಸುವುದು. ಆದ್ದರಿಂದ ಹಾಸಿದ್ದು 1891 ಅಥವಾ ಅದರ ನಂತರ. ಪೆಟ್ಟಿಗೆ ಅದಕ್ಕಿಂತ ಹಳೆಯದೂ ಆಗಿರಬಹುದು.

ಮಲ್ಪೆ ತಡಿ (ಜನವರಿ 14)

ಕುಟ್ಟೆಗೆ ಸೀಮೆಎಣ್ಣೆ ಹೊಯ್ಯಿರಿ ಎಂದು ಹೇಳುವವರು ಬರುವ ಮುಂಚೆ ನಾನು ಬರೆಯುತ್ತೇನೆ. ಮೈಸೋಕಿದ ಹುಳು ಸತ್ತೀತು, ಒಳಗಿನ ಮೊಟ್ಟೆ ಉಳಿಯುತ್ತದೆ, ಪಂಚಾಂಗದ ಹಾಳೆ ಎಣ್ಣೆಕಾಗದವಾಗುತ್ತದೆ. ನಮ್ಮಲ್ಲಿ ಮೀನಿಡುವ ಡೀಪ್ ಫ್ರೀಜರ್ ಇದೆ, ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಹೋಗುತ್ತದೆ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯನ್ನು ಆದಷ್ಟು ಹೊರದೂಡಿ, ಬಾಯಿಯನ್ನು ಭದ್ರವಾಗಿ ಮುಚ್ಚಿ ಒಂದು ವಾರ ಇಟ್ಟರೆ ಮೊಟ್ಟೆ, ಮರಿ, ಹುಳು ಎಲ್ಲವೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬೇಡಿ. ಬಿಚ್ಚಿದರೆ ನಮ್ಮ ಗಾಳಿಯ ನೀರೆಲ್ಲ ತಣ್ಣಗಿನ ಮರದ ಮೇಲೆ ಕೂರುತ್ತದೆ; ಮುಚ್ಚಿದ್ದರೆ ಚೀಲದ ಹೊರಗಷ್ಟೇ ಬೆವರುತ್ತದೆ. ಸಂಶಯವಿದ್ದರೆ ಇದನ್ನೇ ಇನ್ನೊಮ್ಮೆ ಮಾಡಿ. ವಾಸನೆಯ ಬಗ್ಗೆ ಖಾತರಿ ಕೊಡಲಾರೆ, ಚೀಲ ಎರಡು ಪದರವಿರಲಿ.

ಹಳೆಯ ಉಳಿ, ಕಾರ್ಕಳ (ಜನವರಿ 15)

ಒಳ್ಳೆಯ ಉಪಾಯ. ಆದರೆ ಎದ್ದಿರುವ ಮರದ ಚಕ್ಕೆಗಳನ್ನು ಮೊದಲು ತೆಳುಕಾಗದದಲ್ಲಿ ಸುತ್ತಿ ಕಟ್ಟಿ, ಬಿಡಿಭಾಗಗಳಿಗೆ ಗುರುತು ಹಾಕಿ. ಮಣಿಪಾಲದ ಹಸ್ತಶಿಲ್ಪ ಎಂಬ ಹಳೆಯ ಮನೆಗಳ ಸಂಗ್ರಹಾಲಯದಲ್ಲಿ ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರಲ್ಲ, ಬಿಚ್ಚುವಾಗ ಗುರುತಿಲ್ಲದಿದ್ದರೆ ಒಂದು ಕಂಬವೂ ಅದರ ಜಾಗಕ್ಕೆ ಬರುತ್ತಿರಲಿಲ್ಲ. ನಿಮ್ಮದು ಪುಟ್ಟ ಪೆಟ್ಟಿಗೆಯಾದರೂ ಕ್ರಮ ಅದೇ. ಸಾಧ್ಯವಾದರೆ ಅಲ್ಲಿಗೆ ಹೋಗಿ ಹಳೆಯ ಮರ ನೋಡುವುದಕ್ಕೆ ಹೇಗಿರುತ್ತದೆಂದು ಕಣ್ಣು ಪಳಗಿಸಿಕೊಳ್ಳಿ. ಪಾಲಿಶ್‌ನ ಆಸೆ ಅರ್ಧ ಇಳಿಯುತ್ತದೆ.

ಅಟ್ಟದ ಮನೆ, ಉಡುಪಿ (ಫೆಬ್ರವರಿ 2)

ಎರಡು ಬಾರಿ ಮಲ್ಪೆಗೆ ಹೋಗಿ ಬಂದಾಯಿತು. ಹತ್ತು ದಿನದಿಂದ ಕಪ್ಪು ಕಾಗದದ ಮೇಲಿಟ್ಟು ನೋಡುತ್ತಿದ್ದೇನೆ, ಹೊಸ ಹಿಟ್ಟು ಬಿದ್ದಿಲ್ಲ. ವಾಸನೆಯೂ ಇಲ್ಲ, ಆದರೆ ನಮ್ಮ ಬೆಕ್ಕಿನ ಅಭಿಪ್ರಾಯ ಬೇರೆಯಿದೆ.

ಈಗ ಅಂಟು ಮತ್ತು ಕೊಳೆಯ ಪ್ರಶ್ನೆ. ಹಳೆಯ ಬಿಳಿ ಅಂಟನ್ನು ತೆಗೆಯುವುದು ಹೇಗೆ? ಬೀಟೆಯ ಮೇಲಿನ ಮಬ್ಬು ಯಾವ ಪಾಲಿಶ್? ಹಿತ್ತಾಳೆಯನ್ನು ಹುಣಸೆಹುಳಿಯಲ್ಲಿ ತೊಳೆಯಬಹುದೇ?

ಹಳೆಯ ಉಳಿ, ಕಾರ್ಕಳ (ಫೆಬ್ರವರಿ 3)

ಕೊಳೆಗೆ ಮೊದಲ ಔಷಧ ನಿಮ್ಮ ಉಗುಳು. ನಗಬೇಡಿ, ಹತ್ತಿಯ ಕಡ್ಡಿಯನ್ನು ಉಗುಳಿನಲ್ಲಿ ತೇವ ಮಾಡಿ ಉರುಳಿಸುತ್ತ ಒರೆಸುವುದನ್ನು ವಸ್ತುಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರೂ ಅನುಸರಿಸುತ್ತಾರೆ. ಆಮೇಲೆ ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಪಾಲಿಶ್ ಕರಗಿ ಅಂಟಂಟಾದರೆ ಅದು ಅರಗು. ಅರಗಿನ ದೊಡ್ಡ ಗುಣವೆಂದರೆ ಅದು ಮತ್ತೆ ಸ್ಪಿರಿಟ್‌ನಲ್ಲಿ ಕರಗುತ್ತದೆ, ಹಾಗಾಗಿ ಹಳೆಯದನ್ನು ಕಿತ್ತುಹಾಕದೆ ಅದರ ಮೇಲೆಯೇ ತೆಳುವಾದ ಹೊಸ ಪದರ ಬೆಸೆಯಬಹುದು. ತೇವ ಹೊಕ್ಕು ಬೆಳ್ಳಗಾದ ಕಲೆಗಳಿಗೆ ಸ್ಪಿರಿಟ್ ಸ್ವಲ್ಪವೇ ಸ್ವಲ್ಪ ತಾಗಿಸಿದ ಬಟ್ಟೆಯ ಉಂಡೆಯನ್ನು ಒಮ್ಮೆ ಹಗುರವಾಗಿ ಹಾಯಿಸಿದರೆ ಸಾಕು, ನಿಲ್ಲಿಸಿದರೆ ಬಟ್ಟೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಒಣಗುವಾಗಲೇ ಗಾಳಿಯ ನೀರನ್ನು ಎಳೆದುಕೊಂಡು ಬೂದಿ ಬಳಿದಂತಾಗುತ್ತದೆ. ಮಾರ್ಚ್ ಒಳಗೆ ಮುಗಿಸಿ.

ಬಿಳಿ ಅಂಟನ್ನು ಉಗುರುಬೆಚ್ಚಗಿನ ವಿನೆಗರಿನಲ್ಲಿ ತೇವ ಮಾಡಿದ ಹತ್ತಿಯಿಂದ ಮೆತ್ತಗಾಗಿಸಿ, ಬಿದಿರಿನ ಚೂಪಿನಿಂದ ಎಬ್ಬಿಸಿ. ಆ ಅಂಟು ಪೂರ್ತಿ ಹೋಗದೆ ಬೇರಾವ ಅಂಟೂ ಮರವನ್ನು ಹಿಡಿಯದು. ಮತ್ತೆ ಜೋಡಿಸುವುದಕ್ಕೆ ಸರೇಸೇ ಸರಿ. ಪ್ರಾಣಿಯ ಚರ್ಮದಿಂದ ತೆಗೆದ ಈ ಅಂಟಿನ ಹರಳುಗಳನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಪಾತ್ರೆಯನ್ನು ಬಿಸಿನೀರಿನೊಳಗೆ ಕೂರಿಸಿ 60 ಡಿಗ್ರಿಯಷ್ಟು ಕಾಯಿಸಿ. ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಬಿಸಿಯೂ ತೇವವೂ ಸಾಕು, ಮರ ಸೀಳಬೇಕಾಗಿಲ್ಲ. ಇದರ ದೋಷವನ್ನೂ ಹೇಳಬೇಕು: ಅತಿಯಾದ ತೇವದಲ್ಲಿ ಸಡಿಲವಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸುವುದಿದ್ದರೆ ಇಷ್ಟೆಲ್ಲ ಶ್ರಮ ಪಡಬೇಡಿ. ಬಿಗಿಯಲು ಕ್ಲಾಂಪ್ ಬೇಕಿಲ್ಲ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತಿದರೆ ಎಲ್ಲ ಕಡೆಯಿಂದಲೂ ಸಮನಾಗಿ ಹಿಡಿಯುತ್ತದೆ.

ಬಿರುಕಿಗೆ ಬೀಟೆಯ ತೆಳುಚಕ್ಕೆಯೊಂದನ್ನು ಕೆತ್ತಿ ಒಂದೇ ಬದಿಗೆ ಅಂಟಿಸಿ. ಮಳೆಗಾಲದ ಹಿಗ್ಗಿಗೆ ಜಾಗ ಉಳಿಯಬೇಕಾದ್ದರಿಂದ ಚಕ್ಕೆ ಈಗಿನ ಬಿರುಕಿಗಿಂತ ತುಸು ತೆಳುವಾಗಿಯೇ ಇರಲಿ. ಬೇಸಿಗೆಯಲ್ಲಿ ಕೂದಲೆಳೆಯಷ್ಟು ಸಂದು ಕಂಡರೆ ಕಾಣಲಿ.

ರಥಬೀದಿ ಅಂಗಡಿ, ಮಂಗಳೂರು (ಫೆಬ್ರವರಿ 3)

ಹುಣಸೆಹುಳಿ, ಬಿಂಬುಳಿ ಎರಡೂ ದೇವರ ದೀಪಕ್ಕೆ ಇರಲಿ. ಹುಳಿಯೂ ಉಪ್ಪೂ ಸೇರಿದರೆ ಹಿತ್ತಾಳೆಯ ಮೇಲ್ಮೈಯಲ್ಲಿರುವ ಸತುವು ಹೋಗಿ ತಾಮ್ರದ ಗುಲಾಬಿ ಬಣ್ಣ ಕಾಣತೊಡಗುತ್ತದೆ, ಹುಳಿನೀರು ಪಟ್ಟಿಯ ಅಡಿಗಿಳಿದು ಮರವನ್ನೂ ಕೆಡಿಸುತ್ತದೆ. ಪೇಸ್ಟ್ ರೂಪದ ಪಾಲಿಶ್‌ಗಳು ಸಂದಿನಲ್ಲಿ ಬಿಳಿ ಪುಡಿ ಬಿಡುತ್ತವೆ. ಹಸಿರು ಕಿಲುಬನ್ನು ಮಾತ್ರ ಬಿದಿರುಕಡ್ಡಿಯಿಂದ ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಮೇಣ ಹಚ್ಚಿ.

ಕುಟ್ಟೆ ತಿಂದ ಹಲಗೆಗೆ ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಹರಳು ಸಿಗುತ್ತದೆ. ಅಸಿಟೋನಿನಲ್ಲಿ ಶೇಕಡಾ 5ರಷ್ಟು ಕರಗಿಸಿ, ರಂಧ್ರಗಳಿಗೆ ಸಿರಿಂಜಿನಿಂದ ಹನಿಹನಿಯಾಗಿ ಕುಡಿಸಿ. ಒಣಗಿದ ಮೇಲೆ 10ರಷ್ಟು ಮಾಡಿ ಇನ್ನೊಮ್ಮೆ. ಟೊಳ್ಳು ಗಟ್ಟಿಯಾಗುತ್ತದೆ, ಬೇಕಾದರೆ ಅಸಿಟೋನಿನಲ್ಲೇ ಮತ್ತೆ ಕರಗುತ್ತದೆ. ಆದರೆ ಅಸಿಟೋನ್ ಅರಗಿನ ಪಾಲಿಶನ್ನೂ ಮೆತ್ತಗಾಗಿಸುವುದರಿಂದ ಒಳಬದಿಯಿಂದಲೇ ಕುಡಿಸಿರಿ. ಜಗಲಿಯಲ್ಲಿ ಕುಳಿತು ಮಾಡಿ, ಹತ್ತಿರ ಒಲೆ, ದೀಪ ಯಾವುದೂ ಬೇಡ.

ನೇರ ಮಾತು, ಸುರತ್ಕಲ್ (ಫೆಬ್ರವರಿ 4)

ಇಷ್ಟೆಲ್ಲ ಮಾಡಿದ ಮೇಲೂ ಬಿರುಕು ಕಾಣುತ್ತದೆ, ಶಾಯಿಯ ಕಲೆ ಕಾಣುತ್ತದೆ, ಹಿತ್ತಾಳೆ ಹೊಳೆಯುವುದಿಲ್ಲ ಎಂದಾದರೆ ಸರಿಪಡಿಸಿದ್ದು ಏನನ್ನು? ಕನಿಷ್ಠ ಶಾಯಿಯ ಕಲೆಯನ್ನಾದರೂ ಆಕ್ಸಾಲಿಕ್ ಆಮ್ಲ ಹಾಕಿ ತೆಗೆಯಬಹುದಲ್ಲ. ನಾನು ವಿರೋಧಕ್ಕಾಗಿ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಕಡತಪ್ರಿಯೆ, ಮಂಗಳೂರು (ಫೆಬ್ರವರಿ 4)

ನ್ಯಾಯವಾದ ಪ್ರಶ್ನೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಮಾಡುತ್ತಿದ್ದ ಕಪ್ಪು ಶಾಯಿಯಲ್ಲಿ ಕಬ್ಬಿಣವಿರುತ್ತದೆ, ಆದ್ದರಿಂದ ನೀವು ಹೇಳಿದ ಆಮ್ಲ ಅದನ್ನು ತೆಗೆದೀತು. ಆದರೆ ಅದು ವಿಷ, ಜೊತೆಗೆ ಸುತ್ತಲಿನ ಬೀಟೆಯನ್ನೂ ಬಿಳಚಿಸುತ್ತದೆ. ಆ ಕಲೆ ಶಾಯಿಬಾಟಲಿಯ ಗೂಡಿನ ಬಲಬದಿಯಲ್ಲೇ ಇದ್ದರೆ, ಬರೆಯುವವರು ಲೇಖನಿ ಅದ್ದಿ ಅಂಚಿಗೆ ಒರೆಸಿದ ಗುರುತು ಅದು. ನಾನಾದರೆ ಮುಟ್ಟುವುದಿಲ್ಲ. ಮೊಳೆಯ ಸುತ್ತಲಿನ ತುಕ್ಕಿನ ಕಪ್ಪು ಬೇರೆ ವಿಷಯ. ಮೊಳೆಯನ್ನು ತೆಗೆಯಲೇಬೇಕು, ಇಲ್ಲವಾದರೆ ಅದು ಮರವನ್ನು ತಿನ್ನುತ್ತಲೇ ಇರುತ್ತದೆ.

ಹೊಸ ಮಖಮಲ್ಲಿಗೆ ಮೈದಾ ಅಂಟು ಸಾಕು. ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿದೆ, ಅಡಿಕೆತೋಟವಿದ್ದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ; ಬೇಡ, ಬಟ್ಟೆಯನ್ನೂ ಕಾಗದವನ್ನೂ ಅದು ಕಾಲಕ್ರಮದಲ್ಲಿ ಪುಡಿಮಾಡುತ್ತದೆ.

ಹಳೆಯ ಉಳಿ, ಕಾರ್ಕಳ (ಫೆಬ್ರವರಿ 5)

ಹೇಳಲು ಮರೆತಿದ್ದೆ. ಈ ಮಾದರಿಯ ಹಲವು ಪೆಟ್ಟಿಗೆಗಳಲ್ಲಿ ಲೇಖನಿ ತಟ್ಟೆಯ ಕೆಳಗೆ ಗುಪ್ತ ಖಾನೆಗಳಿರುತ್ತವೆ. ಶಾಯಿಗೂಡಿನ ಪಕ್ಕದ ಅಡ್ಡಹಲಗೆಯನ್ನು ಮೆಲ್ಲಗೆ ಮೇಲಕ್ಕೆಳೆಯಿರಿ. ಅದು ಬಂದರೆ, ಒಳಗೆ ತಟ್ಟೆಯ ಕೆಳಗಿನ ತೆಳುಹಲಗೆ ಸ್ಪ್ರಿಂಗಿನ ಒತ್ತಡಕ್ಕೆ ಮುಂದೆ ಬೀಳಬೇಕು. ಬಲಪ್ರಯೋಗ ಬೇಡ.

ಅಟ್ಟದ ಮನೆ, ಉಡುಪಿ (ಮಾರ್ಚ್ 21)

ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಮೊಳೆಗಳು ಒಂಬತ್ತು ಬಂದವು, ಒಂದು ತುಂಡಾಗಿ ಒಳಗೇ ಉಳಿಯಿತು. ಸರೇಸಿನ ಮೊದಲ ಪಾಕವನ್ನು ಕುದಿಸಿ ಹಾಳುಮಾಡಿದೆ, ಎರಡನೆಯದು ಹಿಡಿಯಿತು. ತಳದ ಗೇರೆಣ್ಣೆಯನ್ನು ತೆಗೆಯಲು ಹೋಗಿ ಬೆರಳ ತುದಿಯ ಚರ್ಮ ಸುಲಿಯಿತು. ಅದು ಅಲ್ಲೇ ಇರಲಿ ಎಂದು ಬಿಟ್ಟಿದ್ದೇನೆ, ತಳ ಹೇಗೂ ಕಾಣುವುದಿಲ್ಲ.

ಆಚಾರ್ಯರೇ, ಅಡ್ಡಹಲಗೆ ಮೂರು ದಿನ ಬಗ್ಗಲಿಲ್ಲ. ನಾಲ್ಕನೆಯ ದಿನ ಬಂತು. ಹಿಂದೆ ಮೂರು ಪುಟ್ಟ ಸೆಳೆಖಾನೆಗಳಿದ್ದವು. ಎರಡು ಖಾಲಿ. ಮೂರನೆಯದರ ಮೂಲೆಯಲ್ಲಿ, ತಟ್ಟೆಯ ಸಂದಿನಿಂದ ಸೋರಿಬಂದು, ಅರ್ಧ ಚಮಚದಷ್ಟು ಕಪ್ಪು ಮರಳಿತ್ತು. ಅಕ್ಕ, ಈ ಬಾರಿ ಲಕೋಟೆಯಲ್ಲಿ ಹಾಕಿ ತಾರೀಕು ಬರೆದಿದ್ದೇನೆ.

ಅಟ್ಟದ ಮನೆ, ಉಡುಪಿ (ಜುಲೈ 18)

ಇಲ್ಲಿ ಹನ್ನೊಂದು ದಿನದಿಂದ ಮಳೆ ಬಿಟ್ಟಿಲ್ಲ. ಪೆಟ್ಟಿಗೆಯನ್ನು ಮುರಕಲ್ಲಿನ ಹೊರಗೋಡೆಯಿಂದ ದೂರ, ನಡುಕೋಣೆಯಲ್ಲಿ ಎರಡು ಮರದ ಪಟ್ಟಿಗಳ ಮೇಲೆ ಇಟ್ಟಿದ್ದೇನೆ. ಬಿರುಕು ಪೂರ್ತಿ ಮುಚ್ಚಿಹೋಗಿದೆ, ಚಕ್ಕೆಯ ಗೆರೆ ಹುಡುಕಬೇಕು. ಆದರೆ ಮುಚ್ಚಳ ಹಿಗ್ಗಿ, ಮುಂಭಾಗದಲ್ಲಿ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಎದ್ದು ನಿಂತಿದೆ, ಬೀಗದ ನಾಲಿಗೆ ಕೂರುತ್ತಿಲ್ಲ. ಅಂಚನ್ನು ಸ್ವಲ್ಪ ಕೀಸಬಹುದೇ?

ಹಳೆಯ ಉಳಿ, ಕಾರ್ಕಳ (ಜುಲೈ 18)

ಬೇಡ. ಈಗ ಕೀಸಿದರೆ ಜನವರಿಯಲ್ಲಿ ಅಲ್ಲೇ ಸಂದು ಬೀಳುತ್ತದೆ. ಇವತ್ತಿನ ಅಳತೆಯನ್ನು ಬರೆದಿಡಿ, ಬೀಗ ಹಾಕದೆ ಹಾಗೇ ಬಿಡಿ, ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಅಳೆದು ತಿಳಿಸಿ.

ಅಟ್ಟದ ಮನೆ, ಉಡುಪಿ (ಜುಲೈ 18)

ಬರೆದಿಟ್ಟೆ. ಚೀಟಿಯನ್ನು ಮರಳಿನ ಲಕೋಟೆಯ ಜೊತೆ ಮೂರನೆಯ ಸೆಳೆಖಾನೆಯಲ್ಲಿ ಇಟ್ಟಿದ್ದೇನೆ.